ಅತ್ತೆ, ತೊಲೆ ಮತ್ತು ಅಳತೆಯ ಟೇಪು

ಹೋದ ಕಾರ್ತಿಕದ ಮೂರನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ನಾನು ನಮ್ಮ ನಡುಮನೆಯಲ್ಲಿ ಏಣಿಯ ಐದನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಏಣಿ ಪಡುವಣ ಗೋಡೆಗೆ ಒರಗಿತ್ತು. ಎಡಗೈ ಏಣಿಯನ್ನು ಹಿಡಿದಿತ್ತು, ಬಲಗೈಯಲ್ಲಿ ಉಕ್ಕಿನ ಅಳತೆ ಟೇಪಿತ್ತು, ಬಾಯಲ್ಲಿ ಪೆನ್ಸಿಲ್ಲಿತ್ತು. ತಲೆಯಿಂದ ಒಂದು ಗೇಣು ಮೇಲೆ ಅಟ್ಟ; ಅಟ್ಟದ ಮೇಲೆ ಎರಡು ಸಾವಿರದ ಚಿಲ್ಲರೆ ತೆಂಗಿನಕಾಯಿ. ಗಂಟೆ ನನಗೆ ಖಚಿತವಾಗಿ ಗೊತ್ತಿರುವುದು ಎದುರು ಗೋಡೆಯ ಗಡಿಯಾರ ನೋಡಿದ್ದರಿಂದ. ಅದು ನಾಲ್ಕು ನಿಮಿಷ ಮುಂದಿದೆ. ಸರಿಮಾಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಇಲ್ಲಿ ಆ ನಾಲ್ಕು ನಿಮಿಷವನ್ನು ಕಳೆದೇ ಬರೆದಿದ್ದೇನೆ.

ಹೀಗೆ ಎಲ್ಲಿ ನಿಂತಿದ್ದೆ, ಎಷ್ಟು ಹೊತ್ತಿಗೆ ಎಂದು ಶುರುಮಾಡುವುದು ನನ್ನ ಹಳೆಯ ಅಭ್ಯಾಸ. ಮೂವತ್ತು ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಕಿಬ್ಬನಹಳ್ಳಿಯಲ್ಲಿ ಬಸ್ಸಿಳಿದು ಒಳಗೆ ಎರಡು ಮೈಲಿ ಬಂದರೆ ನಮ್ಮ ಊರು. ಊರಲ್ಲಿ ಈಗಲೂ ನನ್ನ ಹೆಸರು ಹೇಳಿ ಕರೆಯುವವರಿಲ್ಲ, ‘ಸರ್ವೆಯೋರು’ ಎಂದೇ ಕರೆಯುತ್ತಾರೆ. ಸರ್ವೆ ಕೆಲಸದ ಒಂದು ಸೊಗಸನ್ನು ಹೇಳಬೇಕು. ಹೋಗುವುದು, ಅಳೆಯುವುದು, ಬರೆಯುವುದು, ಸಾಕ್ಷಿಗಳ ಹೆಸರು ಹಾಕಿಸುವುದು, ಬರುವುದು. ಅಷ್ಟೇ. ಬೇಲಿ ಕೀಳುವವರು ಬೇರೆ, ಬದು ಹಾಕುವವರು ಬೇರೆ, ಕೋರ್ಟಿಗೆ ಅಲೆಯುವವರು ಬೇರೆ. ನಾನು ಅಳೆದು ಕೊಟ್ಟ ಎಷ್ಟೋ ಜಮೀನುಗಳಲ್ಲಿ ಇವತ್ತಿಗೂ ಅಣ್ಣತಮ್ಮಂದಿರು ಹಳೆಯ ಬದುವಿನ ಮೇಲೇ ಜಗಳವಾಡುತ್ತಿದ್ದಾರೆ. ಆದರೆ ನನ್ನ ಅಳತೆಯಲ್ಲಿ ತಪ್ಪಿತ್ತೆಂದು ಯಾರೂ ಅಂದಿಲ್ಲ. ಮೂವತ್ತು ವರ್ಷ ಈ ಥರ ಬದುಕಿದವನಿಗೆ, ಒಂದು ವಸ್ತುವನ್ನು ಅಳೆದು ಪುಸ್ತಕದಲ್ಲಿ ಬರೆದುಕೊಂಡರೆ ಅದರ ಕೆಲಸ ಮುಗಿಯಿತು ಎಂಬ ನೆಮ್ಮದಿ ಬಂದುಬಿಡುತ್ತದೆ. ನಮ್ಮ ಅಡುಗೆಮನೆಯ ನಲ್ಲಿ ಸೋರುತ್ತದೆ. ನಲವತ್ತು ನಿಮಿಷಕ್ಕೆ ಒಂದು ಲೋಟ. ನಲ್ಲಿ ಸೋರುತ್ತದೆಂದು ಎಲ್ಲರಿಗೂ ಗೊತ್ತು; ಎಷ್ಟು ಸೋರುತ್ತದೆಂದು ಗೊತ್ತಿರುವವನು ನಾನೊಬ್ಬನೇ.

ಕೆಲಸ ಮುಂದೂಡುವವರನ್ನು ಜನ ಸೋಮಾರಿಗಳೆಂದು ಬಯ್ಯುತ್ತಾರೆ. ಇದು ಸರಿಯಾದ ತಿಳಿವಳಿಕೆಯಲ್ಲ. ಸೋಮಾರಿ ಮಲಗಿರುತ್ತಾನೆ. ಮುಂದೂಡುವವನು ಬೆಳಗಿನಿಂದ ಸಂಜೆವರೆಗೆ ದುಡಿಯುತ್ತಾನೆ, ಆ ಒಂದು ಕೆಲಸ ಬಿಟ್ಟು ಉಳಿದದ್ದೆಲ್ಲವನ್ನೂ ಮಾಡುತ್ತಾನೆ. ನನ್ನ ಹೆಂಡತಿ ಗಿರಿಜೆಯನ್ನು ನೋಡಿಬಂದ ಮೇಲೆ ಒಪ್ಪಿಗೆ ತಿಳಿಸಲು ನಾನು ಐದು ತಿಂಗಳು ತೆಗೆದುಕೊಂಡೆ. ಆ ಐದು ತಿಂಗಳಲ್ಲಿ ಮನೆಗೆ ಸುಣ್ಣ ಹೊಡೆಸಿದೆ, ಬಾವಿಯ ಹೂಳು ತೆಗೆಸಿದೆ, ಟೈಪಿಂಗ್ ಕಲಿತೆ. ಕೊನೆಗೆ ಒಂದು ದಿನ ಗಿರಿಜೆಯ ತಾಯಿ, ಪುಟ್ಟಗೌರಮ್ಮನವರು, ತುರುವೇಕೆರೆಯಿಂದ ಬಸ್ಸು ಹತ್ತಿ ನೇರವಾಗಿ ನಾನು ಅಳತೆ ಮಾಡುತ್ತಿದ್ದ ಹೊಲಕ್ಕೇ ಬಂದರು. ಸರಪಳಿ ಹಿಡಿದು ನಿಂತಿದ್ದ ನನ್ನನ್ನು ಕಾಲಿನಿಂದ ತಲೆವರೆಗೆ ನೋಡಿ, “ಹುಡ್ಗಿ ಬೇಕೋ ಬ್ಯಾಡ್ವೋ ಒಂದು ಮಾತು ಹೇಳ್ಬುಡಪ್ಪ, ನಮ್ಗೂ ಬ್ಯಾರೆ ಕೆಲ್ಸ ಅವೆ” ಅಂದರು. ಬೇಕು ಅಂದೆ. “ಅಷ್ಟೇ ಕಣಪ್ಪ. ಎಷ್ಟೊತ್ತು ಹಿಡೀತು ನೋಡು” ಅಂದು ಅದೇ ಬಸ್ಸಿಗೆ ವಾಪಸು ಹೋದರು. ಮಾವನವರು ಹೋದ ಮೇಲೆ, ಈಗ ಹತ್ತು ವರ್ಷದಿಂದ, ಅವರು ನಮ್ಮ ಜೊತೆಯೇ ಇದ್ದಾರೆ. ಈ ಬರಹದಲ್ಲಿ ಅತ್ತೆ ಎಂದರೆ ಅವರೇ.

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಹುಟ್ಟಿದವನಿಗೆ ಕೆಲಸ ಮುಂದೂಡುವುದಕ್ಕೆ ಕಸುಬಿನ ಆಧಾರವೂ ಇದೆ. ಬೇರೆ ಕಡೆಯವರಿಗೆ ತಿಳಿದಿರಲಿ ಎಂದು ಹೇಳುತ್ತೇನೆ. ನಾವು ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ಏನೂ ಮಾಡುವುದಿಲ್ಲ. ಮುಟ್ಟುವುದಿಲ್ಲ, ತಿರುವುವುದಿಲ್ಲ. ಒಳಗೆ ನೀರು ತಾನೇ ಇಂಗುತ್ತದೆ, ಕೊಬ್ಬರಿ ಚಿಪ್ಪಿನಿಂದ ತಾನೇ ಬಿಡುತ್ತದೆ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ಆಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಅವಸರ ಮಾಡಿ ಮೊದಲೇ ಇಳಿಸಿದರೆ ಕೆಟ್ಟಿತು. ಅಂದರೆ ನಮ್ಮಲ್ಲಿ ಸುಮ್ಮನೆ ಬಿಡುವುದೇ ಒಂದು ಕೆಲಸ, ಅದನ್ನು ಚೆನ್ನಾಗಿ ಮಾಡಿದವನೇ ಜಾಣ. ಇದನ್ನು ಚಿಕ್ಕಂದಿನಿಂದ ನೋಡಿದವನು ತೆಂಗಿನಕಾಯಿಗೆ ಹೊಂದುವ ನ್ಯಾಯವನ್ನು ನಲ್ಲಿಗೂ, ಗಡಿಯಾರಕ್ಕೂ, ತೊಲೆಗೂ ಹಚ್ಚಿದರೆ ಅದು ಅವನೊಬ್ಬನ ತಪ್ಪಲ್ಲ.

ತೊಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅಟ್ಟವನ್ನು ಹೊತ್ತಿರುವುದು ಒಂದೇ ಒಂದು ದೊಡ್ಡ ತೊಲೆ, ಪಡುವಣ ಗೋಡೆಯಿಂದ ಮೂಡಣ ಗೋಡೆಗೆ. ಮೂರು ವರ್ಷದ ಹಿಂದೆ, ಪಡುವಣ ಗೋಡೆಯಿಂದ ಮೂರು ಅಡಿ ದೂರದಲ್ಲಿ, ಅದರಲ್ಲಿ ಒಂದು ಬಿರುಕು ಕಾಣಿಸಿತು. ಕಂಡವಳು ಗಿರಿಜೆ. ಬಿರುಕಿನ ನೇರ ಕೆಳಗೆ, ಕಿಟಕಿಯ ಪಕ್ಕ, ಅತ್ತೆಯ ಮಂಚ. ಗಿರಿಜೆ ಮಾರನೆಯ ದಿನವೇ ಬಸವಾಚಾರಿಯನ್ನು ಕರೆಸಿದಳು. ಬಸವಾಚಾರಿ ಚಿಕ್ಕನಾಯಕನಹಳ್ಳಿ ಕಡೆಯ ಬಡಗಿ, ಮಾತು ಕಮ್ಮಿ, ಕೈ ಗಟ್ಟಿ. ಉಳಿಯ ಹಿಡಿಯಿಂದ ತೊಲೆಯನ್ನು ಎರಡು ಸಲ ತಟ್ಟಿ ಕಿವಿಗೊಟ್ಟು ಕೇಳಿದ.

“ಒಳಗೆ ಹುಳ ತಿಂದೈತೆ ಸರ್ವೆಯೋರೆ. ಕಾಯಿ ಇಳ್ಸಿಕೊಡಿ, ಎರಡು ದಿನದಲ್ಲಿ ಬ್ಯಾರೆ ತೊಲೆ ಕೂರ್ಸಿಬುಡ್ತೀನಿ.”

“ಕಾಯಿ ಇನ್ನೂ ಆಗಿಲ್ವಲ್ಲ ಆಚಾರ್ರೇ.”

“ಯಾವಾಗ ಆಯ್ತವೆ?”

“ಯುಗಾದಿ ಕಳೀಲಿ.”

ಯುಗಾದಿ ಕಳೆಯಿತು. ಕಾಯಿ ಆದವು. ಆದರೆ ಮೂಲೆಯಲ್ಲಿದ್ದ ಇನ್ನೂರು ಕಾಯಿ ಆಗಿರಲಿಲ್ಲ. ಅವಕ್ಕಾಗಿ ಕಾಯುವಷ್ಟರಲ್ಲಿ ಹೊಸ ಕಾಯಿ ಕೆಡವಿಸುವ ಕಾಲ ಬಂತು. ಕೆಡವಿಸಿದ ಕಾಯಿಯನ್ನು ಮಳೆಯಲ್ಲಿ ಅಂಗಳದಲ್ಲಿ ಬಿಡಲಾಗುತ್ತದೆಯೇ? ಅಟ್ಟಕ್ಕೆ ಹಾಕಿಸಿದೆ. ಹೀಗೆ ಮೂರು ವರ್ಷ ಅಟ್ಟ ಪೂರ್ತಿ ಬರಿದಾದ ದಿನವೇ ಬರಲಿಲ್ಲ. ಬಸವಾಚಾರಿ ಈ ದಾರಿಯಲ್ಲಿ ಹೋಗುವಾಗೆಲ್ಲ ಬಾಗಿಲಲ್ಲಿ ನಿಂತು, “ಆದ್ವಾ?” ಎಂದು ಕೇಳುತ್ತಿದ್ದ. “ಇನ್ನೊಂಚೂರು” ಎನ್ನುತ್ತಿದ್ದೆ. ಕಾಫಿ ಕುಡಿದು ಹೋಗುತ್ತಿದ್ದ.

ಸುಮ್ಮನಿರಲಿಲ್ಲ ಎಂಬುದನ್ನು ಮಾತ್ರ ದಾಖಲಿಸಬೇಕು. ಪ್ರತಿ ಭಾನುವಾರ ಬೆಳಿಗ್ಗೆ ನಾನು ತೊಲೆಯನ್ನು ಅಳೆಯುತ್ತಿದ್ದೆ. ಬಿರುಕಿನ ಉದ್ದ, ಪೆನ್ಸಿಲ್ ತೂರಿಸಿ ಅದರ ಆಳ, ಆಮೇಲೆ ಬಿರುಕಿನ ಜಾಗದಿಂದ ನೆಲಕ್ಕೆ ಎಷ್ಟು ಎತ್ತರ. ಇದಕ್ಕೆ ನೂರು ಪುಟದ ಒಂದು ನೋಟ್ ಪುಸ್ತಕವನ್ನೇ ಇಟ್ಟಿದ್ದೆ. ಬಿರುಕಿನ ತುದಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಖು ಹಾಕುತ್ತಿದ್ದೆ. ನೆಲದ ಅಳತೆಗೆ ಟೇಪಿನ ಕೆಳಗಿನ ತುದಿಯನ್ನು ಯಾರಾದರೂ ಹಿಡಿಯಬೇಕಲ್ಲ. ಅದಕ್ಕೆ ಅತ್ತೆ ಇದ್ದರು. ಮಂಚದ ಮೇಲೆ ಕೂತು, ಕಾಫಿ ಲೋಟವನ್ನು ಎರಡೂ ಕೈಯಿಂದ ಹಿಡಿದು, ಟೇಪಿನ ತುದಿಯನ್ನು ಬಲಗಾಲ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿಯುತ್ತಿದ್ದರು. ಸರ್ಕಾರಿ ಕೆಲಸದಲ್ಲೂ ನನಗೆ ಅಂಥ ಸ್ಥಿರವಾದ ಸಹಾಯಕರು ಸಿಕ್ಕಿರಲಿಲ್ಲ.

“ಏನ್ ಅಳಿಯಂದ್ರೇ, ಈ ವಾರ ಎಷ್ಟು ಇಳ್ದೈತೆ?”

“ಕಾಲಿಂಚು ಅತ್ತೆ.”

“ಹಂಗಾರೆ ನನ್ನ ತಲೆಗೆ ಬರಾಕೆ ಇನ್ನೂ ಕಾಲ ಐತೆ. ನಾನೇ ಮುಂಚೆ ಹೋಗ್ತೀನಿ ಬುಡಿ.”

ಗಿರಿಜೆಗೆ ಈ ನಗೆ ರುಚಿಸುತ್ತಿರಲಿಲ್ಲ. ಮಂಚವನ್ನು ಪಕ್ಕದ ಕೋಣೆಗೆ ಹಾಕೋಣ ಎಂದು ಹಟ ಹಿಡಿದಳು. ಅತ್ತೆ ಒಪ್ಪಲಿಲ್ಲ. ಕಿಟಕಿ ಬಿಟ್ಟರೆ ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು ಎಂದು ತಿಳಿಯುವುದು ಹೇಗೆ? ಆಗ ಗಿರಿಜೆ ನನ್ನ ಕಡೆ ತಿರುಗಿ, “ನೀವೇ ಹೇಳಿ, ಅಮ್ಮ ಅಲ್ಲಿ ಮಲಗಬಹುದಾ?” ಎಂದಳು. ನಾನು ಪುಸ್ತಕ ತೆಗೆದು ತೋರಿಸಿದೆ. ನಾನು ಪ್ರತಿ ವಾರ ಅಳೆಯುತ್ತಿದ್ದೇನೆ, ಅಪಾಯ ಬರುವುದಾದರೆ ಮೊದಲು ಗೊತ್ತಾಗುವುದು ನನಗೇ, ಆ ದಿನ ನಾನೇ ಎಬ್ಬಿಸುತ್ತೇನೆ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಕಾಯಿ ದಿನದಿನಕ್ಕೆ ಒಣಗುತ್ತದೆ, ಒಣಗಿದಷ್ಟೂ ಹಗುರವಾಗುತ್ತದೆ, ನಾವು ಏನೂ ಮಾಡದೇ ಇದ್ದರೂ ತೊಲೆಯ ಮೇಲಿನ ಭಾರ ತಾನೇ ಇಳಿಯುತ್ತಾ ಹೋಗುತ್ತದೆ ಎಂದು ಲೆಕ್ಕ ಹಾಕಿ ವಿವರಿಸಿದೆ. ಇದು ಸುಳ್ಳಲ್ಲ. ಹೊಸ ಕಾಯಿ ಹಾಕದಿದ್ದರೆ ಪೂರ್ತಿ ನಿಜ.

“ಹಂಗಾದ್ರೆ ಇನ್ನೆರಡು ವರ್ಷ ಬುಟ್ರೆ ಅಟ್ಟ ಹಾರ್ಕೊಂಡು ಹೋಗುತ್ತೆ ಕಣ್ರೀ” ಅಂದಳು ಗಿರಿಜೆ. ಆದರೆ ಮಂಚ ಅಲ್ಲೇ ಉಳಿಯಿತು. ನನ್ನ ಮಾತಿನ ಮೇಲೆ ಉಳಿಯಿತು.

ಆ ಭಾನುವಾರದ ಹಿಂದಿನ ದಿನ ಗಿರಿಜೆ ಮತ್ತೆ ಬಸವಾಚಾರಿಗೆ ಹೇಳಿಕಳಿಸಿದ್ದಳು. ಅವನು ಎಂಟು ಗಂಟೆಗೆ ಬಂದು, ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು, ಮುಂಬಾಗಿಲ ಹೊಸ್ತಿಲ ಆಚೆ ನಿಂತಿದ್ದ. ಗಿರಿಜೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಮಂಚದ ಮೇಲೆ, ಟೇಪಿನ ತುದಿ ಅವರ ಹೆಬ್ಬೆರಳಿನ ಅಡಿ. ನಾನು ಏಣಿಯ ಮೇಲೆ. ಬಿರುಕಿನ ಉದ್ದ ಬರೆದುಕೊಂಡಾಗಿತ್ತು. ಎತ್ತರ ನೋಡುವ ಮೊದಲು ಆಳ ನೋಡೋಣವೆಂದು ಬಾಯಲ್ಲಿದ್ದ ಪೆನ್ಸಿಲ್ಲನ್ನು ಬಿರುಕಿಗೆ ತೂರಿಸಿದೆ. ಹಿಂದಿನ ವಾರ ಒಂದು ಇಂಚು ಹೋಗಿದ್ದ ಪೆನ್ಸಿಲ್ಲು ಈ ಸಲ ಪೂರ್ತಿ ಒಳಗೆ ಹೋಯಿತು. ಹಿಂದಿನ ತುದಿಯ ಕೆಂಪು ಮಾತ್ರ ಕಾಣುತ್ತಿತ್ತು. ಆ ರಂಧ್ರದಿಂದ ಹಳದಿ ಹುಡಿ ಸಣ್ಣಗೆ ಸುರಿಯತೊಡಗಿತು.

“ಅಯ್ಯ, ಕಾಪಿಗೆ ಹುಡಿ ಬಿತ್ತಲ್ಲ” ಅಂದು ಅತ್ತೆ ಏಳಹೊರಟರು.

ಇಲ್ಲಿ ನಾನು ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ. “ಏಳ್ಬೇಡಿ ಅತ್ತೆ. ಒಂದೇ ನಿಮಿಷ ಕೂತ್ಕೊಳ್ಳಿ, ಅಳತೆ ತಪ್ಪುತ್ತೆ.”

“ನಿಮ್ಮ ಅಳತೆ ತಪ್ಪುದ್ರೆ ಮುಂದಿನ ವಾರ ಅಳ್ಕೊಳ್ಳಿ. ಕಾಪಿ ಮುಂದಿನ ವಾರ ಕುಡಿಯಾಕಾಗಲ್ಲ.”

ಅತ್ತೆ ಹೆಬ್ಬೆರಳು ಎತ್ತಿದರು. ಟೇಪು ಸರ್ರನೆ ಮೇಲೆ ಬಂದು ನನ್ನ ಮಣಿಕಟ್ಟಿಗೆ ಬಾರಿಸಿತು. ಅವರು ಲೋಟ ಹಿಡಿದು ಮುಂಬಾಗಿಲಿಗೆ ನಡೆದರು. ಆಮೇಲೆ ಅಳೆದು ನೋಡಿದೆ, ಮಂಚದಿಂದ ಹೊಸ್ತಿಲಿಗೆ ಅವರ ಹೆಜ್ಜೆಯಲ್ಲಿ ಒಂಬತ್ತು. ಬಸವಾಚಾರಿ ಪಕ್ಕಕ್ಕೆ ಸರಿದು ದಾರಿಬಿಟ್ಟ. ಅವರು ಕಾಫಿಯನ್ನು ಚರಂಡಿಗೆ ಚೆಲ್ಲಿದ ಸದ್ದು ನನಗೆ ಕೇಳಿಸಿತು. ನಾನು ಪೆನ್ಸಿಲ್ಲನ್ನು ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಅದಕ್ಕೂ ಮುಂದಿನದಕ್ಕೂ ಸಂಬಂಧ ಇದೆಯೋ ಇಲ್ಲವೋ ಹೇಳಲಾರೆ. ಎರಡರ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು.

ತೊಲೆ ಮುರಿಯುವ ಸದ್ದು ದೊಡ್ಡದಿರಲಿಲ್ಲ. ಒಣ ಕಬ್ಬು ಮುರಿದ ಹಾಗಿತ್ತು. ದೊಡ್ಡ ಸದ್ದು ಆಮೇಲೆ ಬಂತು, ಕಾಯಿಗಳದು. ಗೋಡೆಯ ಕಡೆಯ ಮೂರು ಅಡಿ ತುಂಡು ಹಾಗೇ ಉಳಿಯಿತು, ಅದರ ಪಕ್ಕ ನಾನು ಉಳಿದೆ. ಬಿರುಕಿನಿಂದ ಆಚೆಯದೆಲ್ಲ ಕೆರೆಯ ತೂಬು ಕಿತ್ತ ಹಾಗೆ ಇಳಿಯಿತು. ಬಿದಿರ ದಬ್ಬೆ, ಧೂಳು, ಮೂರು ವರ್ಷದ ಇಲಿಗೂಡು, ಮತ್ತು ಕಾಯಿ, ಕಾಯಿ, ಕಾಯಿ. ನೆಲಕ್ಕೆ ಬಿದ್ದವು ಪುಟಿದು ಅಡುಗೆಮನೆಯವರೆಗೆ ಉರುಳಿದವು. ಒಂದು ನನ್ನ ಎಡಗಾಲ ಹೆಬ್ಬೆರಳಿಗೆ ಬಡಿಯಿತು; ಆ ಉಗುರು ಇವತ್ತಿಗೂ ಕಪ್ಪಗಿದೆ. ಧೂಳು ಇಳಿದಾಗ ಮಂಚ ಕಾಣಲಿಲ್ಲ. ಮಂಚವಿದ್ದ ಜಾಗದಲ್ಲಿ ಎದೆಮಟ್ಟದ ಕಾಯಿರಾಶಿ ಇತ್ತು, ಅದರೊಳಗಿಂದ ಅತ್ತೆಯ ಕೆಂಪು ದಿಂಬಿನ ಒಂದು ಮೂಲೆ ಹೊರಗೆ ಬಂದಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅತ್ತೆ ಹೊರಗೆ ಹೋದದ್ದನ್ನು ನಾನೇ ನೋಡಿದ್ದೆ, ಹೆಜ್ಜೆ ಕೇಳಿದ್ದೆ, ಕಾಫಿ ಚೆಲ್ಲಿದ್ದು ಕೇಳಿದ್ದೆ. ಆದರೂ ಆ ದಿಂಬಿನ ಮೂಲೆಯಿಂದ ಕಣ್ಣು ಕೀಳಲಾಗಲಿಲ್ಲ. ಏಣಿ ಗೋಡೆಗೆ ಟಕಟಕ ಬಡಿಯುತ್ತಿತ್ತು.

ಹಿತ್ತಲಿಂದ ಗಿರಿಜೆ ಒದ್ದೆ ಕೈಯಲ್ಲೇ ಓಡಿಬಂದಳು. ರಾಶಿ ನೋಡಿದಳು, ದಿಂಬು ನೋಡಿದಳು. ಆಗ ಹೊಸ್ತಿಲ ಕಡೆಯಿಂದ ಅತ್ತೆ, “ನಾನು ಇಲ್ಲಿವ್ನಿ ಕಣೇ” ಅಂದರು. ಗಿರಿಜೆ ಕಾಯಿಗಳ ಮೇಲೆ ಎಡವಿಕೊಂಡು ಹೋಗಿ ತಾಯಿಯ ಎರಡು ಭುಜವನ್ನೂ ಹಿಡಿದುಕೊಂಡಳು. ಅವರಿದ್ದಾರೆ ಎಂದು ನಂಬಿಕೆ ಬಂದ ಮೇಲೆ ನನ್ನ ಕಡೆ ತಿರುಗಿ, ಏಣಿಯ ಮೇಲಿದ್ದ ನನ್ನನ್ನು ನೋಡಿ, “ನೀವು ಎಬ್ಬಿಸಿ ಕಳಿಸಿದ್ರಾ?” ಎಂದು ಕೇಳಿದಳು.

ನಾನು “ಹೂಂ” ಎಂದೆ.

ಗಾಬರಿಯಲ್ಲಿ ಬಂದ ಮಾತು ಎಂದು ಬೇಕಾದರೆ ಹೇಳಬಹುದು. ಆದರೆ ನಾನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಗಾಬರಿಯಲ್ಲಿದ್ದವನು ಸುಮ್ಮನೂ ಇರಬಹುದಿತ್ತು. ಬಸವಾಚಾರಿ ನನ್ನನ್ನು ನೋಡಿದ, ಆಮೇಲೆ ತನ್ನ ಚೀಲವನ್ನು ನೋಡಿದ. ಅತ್ತೆ ಖಾಲಿ ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಬಂದು ನೋಡಿತು. ಸಂಜೆಗೆ, ಅಳಿಯ ಎಬ್ಬಿಸಿ ಕಳಿಸಿ ಅತ್ತೆಯನ್ನು ಉಳಿಸಿದ ಎಂಬ ಸುದ್ದಿ ತುರುವೇಕೆರೆ ಮುಟ್ಟಿತ್ತು. ಮಾರನೆಯ ದಿನ ಗಿರಿಜೆಯ ತಮ್ಮ ರುದ್ರೇಶ ಅಮ್ಮಸಂದ್ರದಿಂದ ಬೈಕಿನಲ್ಲಿ ಬಂದ. ನನ್ನ ನಿಧಾನದ ಬಗ್ಗೆ ನೆಂಟರ ಮನೆಗಳಲ್ಲಿ ಕಥೆ ಹೇಳಿ ನಗಿಸುವವನು ಅವನು. ಬಂದವನೇ ನನ್ನ ಎರಡು ಕೈ ಹಿಡಿದು, “ಭಾವ, ನಿಮ್ಮನ್ನ ಆಡ್ಕೊಂಡಿದ್ದೆ, ತಪ್ಪಾಯ್ತು ಕಣ್ ಭಾವ” ಎಂದ. ಕಣ್ಣಲ್ಲಿ ನೀರಿತ್ತು. ಅಷ್ಟು ದೂರ ಬಂದವನಿಗೆ ಆಗಲೇ ನಿಜ ಹೇಳುವುದು ಸರಿಯಲ್ಲವೆಂದು, ಊಟವಾಗಲಿ ಎಂದುಕೊಂಡೆ. ಊಟಕ್ಕೆ ಹೋಳಿಗೆ ಮಾಡಿದ್ದರು. ಹೋಳಿಗೆ ಬಡಿಸಿದವಳ ಮುಂದೆ ಹೇಳುವುದು ಕಷ್ಟ. ಆಮೇಲೆ ಅವನು ಹೊರಟ.

ಗಿರಿಜೆಯದು ಇನ್ನೂ ಕಷ್ಟ. ಅವಳು ಬಯ್ಯುವುದನ್ನು ಬಿಟ್ಟಳು. ಮೂವತ್ತೊಂದು ವರ್ಷ ಬೆಳಗಿನ ಕಾಫಿಯ ಜೊತೆ, ಮಾಡದೇ ಉಳಿದ ಕೆಲಸಗಳ ಪಟ್ಟಿಯನ್ನೂ ತಂದುಕೊಡುತ್ತಿದ್ದವಳು ಈಗ ಬರೀ ಕಾಫಿ ತಂದುಕೊಡುತ್ತಾಳೆ. ಒಂದು ದಿನ ನಾನೇ, “ನಲ್ಲಿ ಸೋರ್ತಿದೆಯಲ್ಲ” ಎಂದೆ. “ಇರ್ಲಿ ಬುಡಿ. ನಿಮ್ಗೆ ಯಾವಾಗ ಮಾಡ್ಬೇಕು ಅಂತ ಗೊತ್ತಿರುತ್ತೆ” ಎಂದಳು. ಇನ್ನೊಂದು ದಿನ ಸೊಪ್ಪು ಬಿಡಿಸುತ್ತಾ, ನನ್ನ ಮುಖ ನೋಡದೆ, “ನಿಮ್ಮನ್ನ ನಿಧಾನದೋರು ಅಂತಿದ್ದೆ. ಬೇಕಾದ ಹೊತ್ತಿಗೆ ಬೇಗ ಆಗ್ತೀರ ಅಂತ ನಂಗೆ ಗೊತ್ತಿರ್ಲಿಲ್ಲ” ಎಂದಳು. ನಾನು ಪುಸ್ತಕವನ್ನು ತೋರಿಸಿ ಸಂಪಾದಿಸಿದ್ದ ನಂಬಿಕೆ ಒಂದು. ಹೂಂ ಎಂದು ಸಂಪಾದಿಸಿದ್ದು ಅದಕ್ಕಿಂತ ದೊಡ್ಡದು. ಮೊದಲನೆಯದು ಅಟ್ಟದ ಜೊತೆ ಬಿತ್ತು. ಎರಡನೆಯದನ್ನು ನಾನು ಈಗ ದಿನಾ ಹೊತ್ತುಕೊಂಡು ತಿರುಗುತ್ತಿದ್ದೇನೆ. ಇವತ್ತು ಅವಳಿಗೆ ತಲೆನೋವು. ನಾಳೆ ಶುಕ್ರವಾರ. ನಾಡಿದ್ದು ಸಂಘದ ಮೀಟಿಂಗು. ಹೇಳಲು ಒಂದು ಒಳ್ಳೆಯ ದಿನ ಬೇಕಲ್ಲ.

ಕಾಯಿಗಳನ್ನು ತೋಟದ ಶೆಡ್ಡಿಗೆ ಸಾಗಿಸಿದ್ದಾಯಿತು. ಬಸವಾಚಾರಿ ಹೊಸ ತೊಲೆ ಕೂರಿಸಲು ಬಂದ. ಹೇಳಿದಂತೆ ಎರಡೇ ದಿನ ಹಿಡಿಯಿತು. ಮೂರು ವರ್ಷ ನಾನು ಅಂಜಿದ್ದ ಕೆಲಸ ಎರಡನೆಯ ದಿನ ಮೂರು ಗಂಟೆಗೆ ಮುಗಿಯಿತು. ಹೋಗುವಾಗ ಬಾಗಿಲಲ್ಲಿ ನಿಂತು, ಹಿಂದೆ ಕೇಳುತ್ತಿದ್ದ ಅದೇ ಧಾಟಿಯಲ್ಲಿ, “ಹೇಳುದ್ರಾ?” ಎಂದ.

“ಇನ್ನೂ ಇಲ್ಲ ಆಚಾರ್ರೇ.”

“ಸರಿ. ನಂದೇನೈತೆ. ನನ್ನ ಕೇಳುದ್ರೆ ಮಾತ್ರ ಇದ್ದಿದ್ದು ಹೇಳ್ತೀನಿ” ಎಂದು ಕಾಫಿ ಕುಡಿಯದೆ ಹೋದ.

ಅತ್ತೆಯ ಮಂಚವನ್ನು ಮತ್ತೆ ಕಿಟಕಿಯ ಪಕ್ಕವೇ ಹಾಕಿದೆವು. ಒಂದು ಬೆಳಿಗ್ಗೆ ಗಿರಿಜೆ ಹಾಲು ತರಲು ಹೋಗಿದ್ದಾಗ ಅವರು ನನ್ನನ್ನು ಕರೆದರು.

“ಅಳಿಯಂದ್ರೇ, ಕೂತ್ಕೊಳ್ಳಿ. ಏಳ್ಬೇಡಿ, ಒಂದೇ ನಿಮಿಷ.”

ಕೂತೆ.

“ನಾನು ಅವ್ಳಿಗೆ ಹೇಳಿಲ್ಲ. ಹೇಳೋದೂ ಇಲ್ಲ. ಅದು ನಿಮ್ಮ ಬಾಯಲ್ಲೇ ಬರ್ಬೇಕು.”

“ಹೇಳ್ತೀನಿ ಅತ್ತೆ. ಸಮಯ ನೋಡ್ತಿದ್ದೀನಿ.”

“ಯಾವ ಸಮಯ? ನಾನು ಹೋಗೋ ಸಮಯವಾ?”

ನಾನು ಇಲ್ಲ ಎನ್ನಬೇಕಿತ್ತು. ಆದರೆ ಆ ವಾರದಲ್ಲಿ ಒಂದು ದಿನ, ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಾ, ಅತ್ತೆಗೆ ಎಂಬತ್ತೊಂದು, ಆಚಾರಿಗೆ ಅರವತ್ತೆಂಟು, ಬೀಡಿ ಬೇರೆ ಸೇದುತ್ತಾನೆ ಎಂದು ಲೆಕ್ಕವೊಂದು ತಲೆಯಲ್ಲಿ ಬಂದುಹೋಗಿತ್ತು. ನಾನಾಗಿ ಹಾಕಿದ ಲೆಕ್ಕವಲ್ಲ, ತಾನೇ ಬಂದದ್ದು. ಆದರೆ ಬಂದಿತ್ತು. ಸುಮ್ಮನೆ ಬಿಟ್ಟರೆ ತಾನೇ ಹಗುರವಾಗುತ್ತದೆ ಎಂಬ ಅದೇ ಹಳೆಯ ಲೆಕ್ಕ. ಈ ಸಲ ತೊಲೆಯ ಮೇಲಿದ್ದದ್ದು ಕಾಯಿಯಲ್ಲ, ನನಗೆ ಹೆಣ್ಣು ಕೊಟ್ಟ ತಾಯಿ.

ಅತ್ತೆ ನನ್ನ ಮುಖ ನೋಡಿ ನಕ್ಕರು. “ಹಂಗೆ ಕಾಯಂಗಿದ್ರೆ ಕಾಯಿರಿ. ಆದ್ರೆ ನಮ್ಮವ್ವ ತೊಂಬತ್ತಾರು ಬದುಕಿದ್ಲು ಕಣಪ್ಪ.”

ಆದ್ದರಿಂದ ಇದನ್ನು ಬರೆದೆ. ಬಾಯಲ್ಲಿ ಬಾರದ್ದು ಬರಹದಲ್ಲಿ ಬರುತ್ತದೆ ಎನ್ನುವುದು ಒಂದು ಕಾರಣ. ಬರೆಯುವಷ್ಟು ಹೊತ್ತು ಹೇಳುವಂತಿಲ್ಲ ಎನ್ನುವುದು ಇನ್ನೊಂದು. ಒಂಬತ್ತು ದಿನ ಹಿಡಿಯಿತು. ಅತ್ತೆಗೆ ಓದಿ ತೋರಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. “ಹೆಜ್ಜೆ ಒಂಬತ್ತಲ್ಲ, ಎಂಟು. ಮಿಕ್ಕಿದ್ದೆಲ್ಲ ಸರಿ. ಈಗ ಅವ್ಳನ್ನ ಕರೀರಿ” ಎಂದರು. ಶುದ್ಧಪ್ರತಿ ಮಾಡಿ ಆಮೇಲೆ ಕರೆಯುತ್ತೇನೆ ಎಂದೆ. ಅವರು ಕಿಟಕಿಯಾಚೆ ನೋಡಿದರು. ಶುದ್ಧಪ್ರತಿ ಮಾಡದೆಯೇ ಅಡುಗೆಮನೆಯ ಕಡೆ ತಿರುಗಿ ಕೂಗಿದೆ. “ಗಿರಿಜಾ, ಸ್ವಲ್ಪ ಇಲ್ಲಿ ಬಾ, ಒಂದು ವಿಷ್ಯ ಓದಿ ಹೇಳ್ಬೇಕು.”

“ಬಂದೆ, ಎರಡು ನಿಮಿಷ ಇರಿ, ಸಾರು ಇಳ್ಸಿ ಬತ್ತೀನಿ” ಎಂದು ಒಳಗಿನಿಂದ ಉತ್ತರ ಬಂತು.

ಆ ಎರಡು ನಿಮಿಷದಲ್ಲಿ ಕ್ರಮದಂತೆ ಸಾಕ್ಷಿಗಳ ಹೆಸರನ್ನು ಸೇರಿಸುತ್ತಿದ್ದೇನೆ. ನಾನು “ಏಳ್ಬೇಡಿ” ಎಂದದ್ದನ್ನು ಕಿವಿಯಾರೆ ಕೇಳಿ, ನಡೆದದ್ದನ್ನು ಕಣ್ಣಾರೆ ಕಂಡವರು, ನನ್ನನ್ನು ಬಿಟ್ಟು, ಇಬ್ಬರು. ಇಬ್ಬರೂ ಇವತ್ತಿನವರೆಗೆ 
ಬದುಕಿದ್ದಾರೆ. ಒಂದನೆಯವರು ಬಸವಾಚಾರಿ, ಬಡಗಿ ಕಸುಬು, ಅರವತ್ತೆಂಟು ವರ್ಷ. ಎರಡನೆಯವರು ಪುಟ್ಟಗೌರಮ್ಮ, ಎಂಬತ್ತೊಂದು ವರ್ಷ, ನಮ್ಮ ಮನೆಯಲ್ಲೇ ಕಿಟಕಿಯ ಪಕ್ಕ ವಾಸ. ಓದುಬರಹ ಬಾರದು. ಜ್ಞಾಪಕಶಕ್ತಿ ಚೆನ್ನಾಗಿದೆ.